ಅಂಬಾಸಿಡರ್ ಸೀಟು ಹರಿದಿದೆಯಾ? ಮೊದಲು ಬೋರಲು ಹಾಕಿ ನೋಡಿ

ಹಳೇ ಅಂಬಾಸಿಡರೋ ಪದ್ಮಿನಿಯೋ ಮನೆಯಲ್ಲಿ ಉಳಿಸಿಕೊಂಡವರು ಎಂಜಿನ್ನಿಗೆ ಎಷ್ಟಾದರೂ ಸುರಿಯುತ್ತಾರೆ, ಬಣ್ಣಕ್ಕೂ ಸುರಿಯುತ್ತಾರೆ. ಸೀಟಿನ ಮಾತು ಬಂದಾಗ ಮಾತ್ರ ‘ಒಂದು ಕವರ್ ಎಳೆಸಿಬಿಡಿ’ ಅಂದು ಮುಗಿಸುತ್ತಾರೆ. ಕಣ್ಣಿಗೆ ಕಾಣುವುದು ಹರಿದ ರೆಕ್ಸಿನ್ನಾದ್ದರಿಂದ ಹಾಗನ್ನಿಸುವುದು ಸಹಜ. ಆದರೆ ಸೀಟು ಕೆಡುವುದು ಕೆಳಗಿನಿಂದ. ಸ್ಪ್ರಿಂಗು ಜೋತುಬೀಳುತ್ತದೆ, ಅದರ ಮೇಲಿನ ಗೋಣಿತಾಟು ಸವೆಯುತ್ತದೆ, ಕುಶನ್ನು ಒಂದು ಮಗ್ಗುಲಿಗೆ ಕುಸಿಯುತ್ತದೆ. ಆಮೇಲೆ ರೆಕ್ಸಿನ್ನಿನ ಮೇಲೆ ಎಳೆತ ಬಿದ್ದು ಹೊಲಿಗೆ ಬಿಡುತ್ತದೆ. ಒಳಗಿನದನ್ನು ಹಾಗೇ ಬಿಟ್ಟು ಮೇಲೆ ಎಂಥ ಚರ್ಮ ಹಾಕಿಸಿದರೂ ಅದೇ ಜಾಗದಲ್ಲಿ ಮತ್ತೆ ಬಾಯಿ ಬಿಡುತ್ತದೆ.

ನಮ್ಮ ಯಜಮಾನರ ಕಾರಿನ ಸೀಟಿಗೆ ಕೈ ಹಾಕಿದವಳು ನಾನೇ. ಜೀವನವಿಡೀ ಹೊಲಿಗೆ ಮಷಿನ್ ತುಳಿದವಳಿಗೆ ಬಟ್ಟೆಯ ಸ್ವಭಾವ ಗೊತ್ತಿತ್ತು. ಕಬ್ಬಿಣದ ಕೆಲಸ ಕುಶನ್ ಅಂಗಡಿಯ ಹುಡುಗರ ಪಕ್ಕದಲ್ಲಿ ಕೂತು ಕಲಿತೆ. ಆಮೇಲೆ ನೆಂಟರ ಗಾಡಿಗಳೂ ಒಂದೊಂದಾಗಿ ನಮ್ಮ ಮನೆ ಮುಂದೆ ಬಂದು ನಿಂತವು. ಹಾಗಾಗಿ ಇದು ಕೈಯಾರೆ ಮಾಡಿ ತಿಳಿದ ಮಾತು.

ಸೀಟು ಬಿಚ್ಚುವ ಮೊದಲು ಅಂಗೈಯಿಂದ ಒತ್ತಿ ನೋಡಿ. ಡ್ರೈವರ್ ಬಾಗಿಲಿನ ಕಡೆಯ ಅಂಚು ಎಲ್ಲಕ್ಕಿಂತ ಮೊದಲು ಸವೆದಿರುತ್ತದೆ, ಹತ್ತಿ ಇಳಿಯುವಾಗಲೆಲ್ಲ ಉಜ್ಜುವುದು ಅಲ್ಲೇ. ಒತ್ತಿದಾಗ ‘ಟಕ್’ ಅಂದರೆ ಸ್ಪ್ರಿಂಗಿನ ಕೊಕ್ಕೆ ಬಿಟ್ಟಿದೆ ಅಥವಾ ತುಂಡಾಗಿದೆ. ಮ್ಯಾಟಿನ ಮೇಲೆ ಹಳದಿ ಪುಡಿ ಉದುರಿದ್ದರೆ ಫೋಮಿನ ಆಯಸ್ಸು ಮುಗಿದಿದೆ, ಕಂದು ಧೂಳಾದರೆ ಒಳಗಿನ ತೆಂಗಿನ ನಾರು ಪುಡಿಯಾಗುತ್ತಿದೆ. ಬಟ್ಟೆ ಗಟ್ಟಿಯಾಗಿದ್ದು ದಾರ ಮಾತ್ರ ಕೊಳೆತಿದ್ದರೆ ನಿಮ್ಮ ಪುಣ್ಯ, ಬಿಚ್ಚಿ ಅದೇ ತೂತುಗಳಲ್ಲಿ ಮತ್ತೆ ಹೊಲಿಸಿದರೆ ಸಾಕು.

ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ಸೀಮೆಎಣ್ಣೆಯನ್ನೋ ತುಕ್ಕು ಬಿಡಿಸುವ ಸ್ಪ್ರೇಯನ್ನೋ ಹಾಕಿಡಿ. ಹಳೆಯ ಅಂಬಾಸಿಡರಿಗೆ ಇಂಚಿನ ಸ್ಪ್ಯಾನರ್ ಬೇಕು, ಪದ್ಮಿನಿಯಂಥ ಫಿಯಟ್ ವಂಶದ್ದಕ್ಕೆ ಮಿಲಿಮೀಟರಿನದ್ದು. ಒಂದಕ್ಕೆ ಇನ್ನೊಂದನ್ನು ಹಾಕಿ ತಿರುಗಿಸಿದರೆ ಬೋಲ್ಟಿನ ತಲೆ ಉರುಟಾಗಿ ಕೂರುತ್ತದೆ. ಹಿಂದಿನ ಸೀಟಿನ ಕುಶನ್ನು ಸಾಮಾನ್ಯವಾಗಿ ಕೈಯಿಂದ ಎತ್ತಿದರೇ ಬರುತ್ತದೆ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಸೀಟು ಹೊರಗೆ ಬಂದಾಗ ಮ್ಯಾಟನ್ನೂ ಎತ್ತಿ ನೆಲದ ತಗಡು ನೋಡಿಬಿಡಿ, ತುಕ್ಕು ಹಿಡಿದಿದ್ದರೆ ಅದರ ಕೆಲಸಕ್ಕೆ ಇದಕ್ಕಿಂತ ಒಳ್ಳೆ ಸಮಯ ಸಿಗುವುದಿಲ್ಲ. ನಿಮ್ಮದು ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಆಗಿದ್ದರೆ ಇನ್ನೊಂದು ಎಚ್ಚರಿಕೆ ಬೇಕು. ಅದರ ಬ್ಯಾಟರಿ ಇರುವುದು ಹಿಂದಿನ ಸೀಟಿನ ಅಡಿಯಲ್ಲಿ. ಜೋತುಬಿದ್ದ ಸ್ಪ್ರಿಂಗು ಬ್ಯಾಟರಿಯ ತುದಿಗೆ ತಾಗಿದರೆ ಕಿಡಿ ಹಾರಿ ನಾರಿಗೆ ಬೆಂಕಿ ಹತ್ತುತ್ತದೆ. ಬ್ಯಾಟರಿಯ ಮುಚ್ಚಳ ಇಲ್ಲದೆ ಆ ಸೀಟನ್ನು ವಾಪಸು ಕೂರಿಸಲೇಬೇಡಿ.

ಈಗ ಸೀಟನ್ನು ಬೋರಲು ಹಾಕಿ. ಕವರನ್ನು ಚೌಕಟ್ಟಿಗೆ ಹಿಡಿದಿರುವುದು ಸಣ್ಣ ಸಣ್ಣ ತಂತಿ ಬಳೆಗಳು. ಕಟಿಂಗ್ ಪ್ಲೇಯರಿನಲ್ಲಿ ಒಂದೊಂದೇ ಕತ್ತರಿಸಿ, ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಮಾಡಿ. ಕೆಲವು ಕಡೆ ಕವರಿನ ಒಳ ಅಂಚಿನಲ್ಲಿ ಉದ್ದ ತಂತಿ ತೂರಿಸಿರುತ್ತಾರೆ. ಅವನ್ನು ಎಳೆದು ಎಸೆಯಬೇಡಿ, ಹೊಸ ಕವರಿಗೆ ಅವೇ ಬೇಕು. ಹಳೇ ಕವರು ಎಷ್ಟೇ ಹರಿದಿರಲಿ, ಚೂರೂ ಬಿಸಾಡಬಾರದು. ನಿಮ್ಮ ಕಾರಿನ ಸೀಟಿಗೆ ಅದಕ್ಕಿಂತ ಒಳ್ಳೆಯ ಅಳತೆ ಬೇರೆ ಯಾರ ಹತ್ತಿರವೂ ಇಲ್ಲ. ಹೊಲಿಗೆ ಬಿಚ್ಚುವ ಮೊದಲು ಪ್ರತಿ ತುಂಡಿನ ಹಿಂಬದಿಗೆ ‘ಎಡ’, ‘ಬಲ’, ‘ಮುಂದೆ’ ಅಂತ ಬರೆಯಿರಿ. ಎರಡು ತುಂಡು ಕೂಡುವ ಕಡೆ ಗೇಣಿಗೊಂದರಂತೆ ಅಡ್ಡಗೆರೆ ಹಾಕಿ, ಗೆರೆ ಎರಡೂ ತುಂಡಿನ ಮೇಲೆ ಬೀಳಬೇಕು. ಮತ್ತೆ ಹೊಲಿಯುವಾಗ ಗೆರೆಗೆ ಗೆರೆ ಕೂಡಿಸಿದರೆ ಮೂಲೆ ಎಲ್ಲೂ ತಿರುಚುವುದಿಲ್ಲ. ಎಡಬಲ ಒಂದೇ ಥರ ಇರುವ ಸೀಟಾದರೆ ಅರ್ಧ ಭಾಗ ಮಾತ್ರ ಬಿಚ್ಚಿ ಅದನ್ನೇ ಮಗುಚಿ ಕತ್ತರಿಸಿಕೊಳ್ಳಿ. ಇನ್ನರ್ಧ ಇಡಿಯಾಗಿ ಕಣ್ಣ ಮುಂದೆ ಇದ್ದರೆ, ಯಾವ ತುಂಡಿನ ಮೇಲೆ ಯಾವುದು ಬಂದಿತ್ತು ಅಂತ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ಕಬ್ಬಿಣದ ಚೌಕಟ್ಟಿಗೆ ತಂತಿ ಬ್ರಷ್ಷು, ಎಮರಿ ಪೇಪರ್, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ, ಅದರ ಮೇಲೆ ಒಂದು ಕೈ ಎನಾಮಲ್. ಬಿರುಕಿದ್ದರೆ ವೆಲ್ಡಿಂಗನ್ನು ಫೋಮು, ನಾರು ಹತ್ತಿರ ಇಲ್ಲದಾಗ ಮಾಡಿಸಿ. ಚೌಕಟ್ಟು ಸೊಟ್ಟಗಾಗಿದೆ ಅಂತ ಗುಜರಿಗೆ ಹಾಕಬೇಡಿ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು, ಪದ್ಮಿನಿಯದ್ದು ಅದಕ್ಕೂ ಬಹಳ ಮೊದಲೇ. ಹೊಸ ಚೌಕಟ್ಟು ಕೊಡುವವರು ಯಾರೂ ಇಲ್ಲ, ಇನ್ನೊಂದು ಸತ್ತ ಗಾಡಿಯಿಂದಲೇ ಬರಬೇಕು.

ಸ್ಪ್ರಿಂಗಿನ ಮೇಲೆ ಗೋಣಿತಾಟನ್ನು ಎರಡು ಪದರ ಹಾಕಿ, ಬಿಗಿಯಾಗಿ ಎಳೆದು, ಹುರಿಯಿಂದ ಪ್ರತಿ ಸ್ಪ್ರಿಂಗಿಗೂ ಕಟ್ಟಬೇಕು. ಅಂಗಡಿಯಲ್ಲಿ ಇದೇ ಕೆಲಸಕ್ಕೆ ಕತ್ತರಿ ಬೀಳುವುದು. ಹೊರಗೆ ಕಾಣುವುದಿಲ್ಲ, ಖರ್ಚೂ ಜಾಸ್ತಿ ಇಲ್ಲ, ಆದರೆ ಕೂತು ಕಟ್ಟುವುದಕ್ಕೆ ಹೊತ್ತು ಹಿಡಿಯುತ್ತದೆ ನೋಡಿ. ತಾಟಿಲ್ಲದೆ ಫೋಮನ್ನು ನೇರವಾಗಿ ಸ್ಪ್ರಿಂಗಿನ ಮೇಲೆ ಇಟ್ಟರೆ ತಂತಿ ಅದನ್ನು ಕೊರೆದು ಇಳಿಯುತ್ತದೆ. ನಮ್ಮ ಸಂಬಂಧಿಕರೊಬ್ಬರಿಗೆ ಒಂದು ಅಂಗಡಿಯವರು ಹಾಗೇ ಮಾಡಿ ಕೊಟ್ಟಿದ್ದರು. ಮೇಲ್ನೋಟಕ್ಕೆ ಮದುವೆ ಗಾಡಿ, ಕೂತರೆ ಬೆನ್ನಿಗೆ ತಂತಿ. ಅದಕ್ಕೇ ಹೇಳುವುದು, ಕೆಲಸ ಹೊರಗೆ ಕೊಟ್ಟರೂ ‘ಕವರ್ ಎಳೆಯುವ ಮುಂಚೆ ಒಮ್ಮೆ ಫೋನ್ ಮಾಡಿ, ಬಂದು ನೋಡುತ್ತೇನೆ’ ಅಂತ ಮೊದಲೇ ಮಾತಾಡಿಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾದರೂ ಅಷ್ಟೇ, ನಿಮ್ಮೂರ ಬಸ್‌ಸ್ಟ್ಯಾಂಡ್ ಹಿಂದಿನ ಅಂಗಡಿಯಲ್ಲಾದರೂ ಅಷ್ಟೇ.

ನಾರೋ ಫೋಮೋ ಅಂತ ಎಲ್ಲರೂ ಕೇಳುತ್ತಾರೆ. ರಬ್ಬರ್ ಹಾಲು ಸೇರಿಸಿ ಒತ್ತಿದ ತೆಂಗಿನ ನಾರಿನ ಹಾಳೆಯಲ್ಲಿ ಗಾಳಿಯಾಡುತ್ತದೆ, ಬೇಸಿಗೆಯಲ್ಲಿ ಬೆನ್ನು ಒದ್ದೆಯಾಗುವುದಿಲ್ಲ. ಇರುವ ನಾರು ಒತ್ತಿದಾಗ ಮೇಲೆದ್ದು ಬರುತ್ತಿದ್ದರೆ ಉಳಿಸಿಕೊಂಡು, ಮೇಲೆ ಅರ್ಧ ಇಂಚು ಮೆತ್ತನೆ ಫೋಮ್ ಹಾಕಿದರೆ ಸಾಕು. ಪೂರ್ತಿ ಫೋಮೇ ಹಾಕುವುದಾದರೆ ಕೂರುವ ಜಾಗಕ್ಕೆ 40 ಡೆನ್ಸಿಟಿ, ಬೆನ್ನಿಗೆ 32 ಇರಲಿ. ಅಂಗಡಿಯವನ ಮಾತನ್ನು ನಂಬುವ ಬದಲು ತೂಕ ಹಾಕಿಸಿ. 40 ಅಂದರೆ ಒಂದು ಘನ ಮೀಟರ್ ಫೋಮು 40 ಕಿಲೋ ಅಂತ ಲೆಕ್ಕ. 6 ಅಡಿ ಉದ್ದ, 3 ಅಡಿ ಅಗಲ, 4 ಇಂಚು ದಪ್ಪದ ಹಾಳೆ ಹೆಚ್ಚುಕಮ್ಮಿ 6.8 ಕಿಲೋ ತೂಗಬೇಕು. ಐದಕ್ಕೇ ಮುಳ್ಳು ನಿಂತರೆ ಅದು 40 ಅಲ್ಲ. ಚೂರು ಫೋಮನ್ನು ಅಂಟಿಸಿ ಒತ್ತಿದ ಬಣ್ಣಬಣ್ಣದ ಹಾಳೆ ಅಗ್ಗಕ್ಕೆ ಸಿಗುತ್ತದೆ. ಬಾಗಿಲ ಕಡೆಯ ಅಂಚಿಗೆ ಅದು ಚೆನ್ನ, ಸೀಟು ಪೂರ್ತಿ ಅದೇ ಆದರೆ ಹಲಗೆ.

ದಪ್ಪದ ಆಸೆ ಬೇಡ. ಸೀಟು 2 ಇಂಚು ಎತ್ತರವಾದರೆ ತಲೆ ಚಾವಣಿಗೆ ಹತ್ತಿರ ಹೋಗುತ್ತದೆ, ತೊಡೆ ಸ್ಟೀರಿಂಗಿಗೆ ತಾಗುತ್ತದೆ, ಕ್ಲಚ್ ತುಳಿಯಲು ಕಾಲು ಚಾಚಬೇಕಾಗುತ್ತದೆ. ಸ್ಟೀರಿಂಗ್ ಪಕ್ಕದಲ್ಲೇ ಗೇರಿರುವ ಗಾಡಿಯ ಉದ್ದನೆ ಸೀಟಿನಲ್ಲಿ ಇನ್ನೊಂದು ಪೇಚಿದೆ. ನಡುವೆ ಹೆಚ್ಚು ತುಂಬಿದರೆ ಇಬ್ಬರೂ ಬಾಗಿಲ ಕಡೆಗೆ ಜಾರುತ್ತಾರೆ. ಮನೆಯಲ್ಲಿ ಹೆಚ್ಚು ಓಡಿಸುವವರನ್ನೇ ಫೋಮಿನ ಮೇಲೆ ಕೂರಿಸಿ ನೋಡಿ, ಆಮೇಲೆ ಅಂಟಿಸಿ. ಸಲ್ಯೂಷನ್ನನ್ನು ಎರಡೂ ಕಡೆ ತೆಳ್ಳಗೆ ಸವರಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಕೂಡಿಸಿ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ದೀಪ, ಬೀಡಿ ಏನೂ ಬೇಡ.

ಇನ್ನು ಮೇಲ್ಬಟ್ಟೆ. ರೆಕ್ಸಿನ್ ಸಾಮಾನ್ಯವಾಗಿ 54 ಇಂಚು ಪನ್ನದಲ್ಲಿ ಬರುತ್ತದೆ. ಮುಂಬದಿಯ ಹೊಳಪು ನೋಡಿ ಮರುಳಾಗದೆ ಮಗುಚಿ ಹಿಂಬದಿಯ ಬಟ್ಟೆ ನೋಡಿ, ಎರಡೂ ಕಡೆಗೆ ಎಳೆದು ನೋಡಿ. ಹೆಣಿಗೆ ಬಟ್ಟೆಯ ಬೆನ್ನಿರುವುದು ಒಂದು ಕಡೆಗೆ ಹೆಚ್ಚು ಹಿಗ್ಗುತ್ತದೆ. ಹಿಗ್ಗುವ ದಿಕ್ಕು ಸೀಟಿನ ಅಡ್ಡಕ್ಕೆ ಬರಲಿ, ಎಲ್ಲ ತುಂಡಿಗೂ ಒಂದೇ ದಿಕ್ಕಿರಲಿ. ಸೋಫಾಕ್ಕೆಂದು ಮಾರುವ ಮೆತ್ತನೆಯ ಪಿ.ಯು. ಲೆದರಿನ ಮೇಲ್ಪದರ ತೇವದ ಊರುಗಳಲ್ಲಿ ಸಿಪ್ಪೆ ಸುಲಿದುಕೊಳ್ಳುತ್ತದೆ. ಮಂಗಳೂರು, ಉಡುಪಿ ಕಡೆಯವರು ಪಿ.ವಿ.ಸಿ. ರೆಕ್ಸಿನ್ನನ್ನೇ ಹಾಕಿಸಿ. ನಿಜವಾದ ಚರ್ಮ ಬೆಂಗಳೂರಿಗೆ ಒಪ್ಪುತ್ತದೆ, ಮಲೆನಾಡಿನ ಆಷಾಢದಲ್ಲಿ ಅದರ ಮೇಲೆ ಬೂಸ್ಟು ಕೂರುತ್ತದೆ. ಕಲಬುರಗಿ, ರಾಯಚೂರಿನ ಬಿಸಿಲಿಗೆ ಕಪ್ಪು ಬಣ್ಣ ಮಾತ್ರ ಬೇಡವೇ ಬೇಡ. ನನ್ನನ್ನು ಕೇಳಿದರೆ ತಿಳಿ ಬಣ್ಣದ ರೆಕ್ಸಿನ್ ಹಾಕಿಸಿ, ಮೇಲೆ ಒಗೆಯಲು ಬರುವ ಬಿಳಿ ಟವೆಲ್ ಕವರು ಹೊದಿಸಬೇಕು. ಸರ್ಕಾರಿ ಅಂಬಾಸಿಡರುಗಳಲ್ಲಿ ಅದು ಬರೀ ಗತ್ತಿಗೆ ಇತ್ತು ಅಂದುಕೊಳ್ಳಬೇಡಿ, ಏಸಿ ಇಲ್ಲದ ಗಾಡಿಯಲ್ಲಿ ಬೆವರು ಹೀರುವುದಕ್ಕೆ ಅದೇ ಸರಿ. ಆ ಟವೆಲ್ ಕವರನ್ನು ಮನೆಯ ಮಷಿನ್ನಿನಲ್ಲೇ ಹೊಲಿಯಬಹುದು.

ರೆಕ್ಸಿನ್ ಮನೆ ಮಷಿನ್ನಿಗೆ ಬಗ್ಗುವುದಿಲ್ಲ. ಬೀಡಿಂಗ್, ಅಂದರೆ ಅಂಚಿನ ಉಬ್ಬುಪಟ್ಟಿ, ಬರುವ ಕಡೆ ನಾಲ್ಕು ಪದರ ಸೇರುತ್ತದೆ, ಸೂಜಿ ಮುರಿಯುತ್ತದೆ. ಕತ್ತರಿಸುವುದು ನೀವು ಮಾಡಿ, ಹೊಲಿಗೆ ಕುಶನ್ ಅಂಗಡಿಯ ದೊಡ್ಡ ಮಷಿನ್ನಿಗೆ ಕೊಡಿ. ದಾರ ನೈಲಾನ್ ಅಥವಾ ಪಾಲಿಯೆಸ್ಟರ್ ಇರಬೇಕು, ಹತ್ತಿ ದಾರ ಬೆವರಿಗೂ ತೇವಕ್ಕೂ ಕೊಳೆಯುತ್ತದೆ. ಹೊಲಿಗೆ 4 ಮಿಲಿಮೀಟರಿಗಿಂತ ಚಿಕ್ಕದಾಗದಿರಲಿ. ಬ್ಲೌಸಿಗೆ ಹಾಕುವ ಸಣ್ಣ ಹೊಲಿಗೆ ಗಟ್ಟಿ ಅಂತ ಇಲ್ಲಿ ಹಾಕಿಸಿದರೆ ರೆಕ್ಸಿನ್ನು ಅಂಚೆಚೀಟಿಯ ತೂತಿನ ಸಾಲಿನ ಹಾಗೆ ಉದ್ದಕ್ಕೂ ಹರಿದುಬರುತ್ತದೆ. ಗುಂಡುಪಿನ್ ಚುಚ್ಚಿದರೂ ತೂತು ಉಳಿಯುತ್ತದೆ, ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಹಿಡಿದಿಡಿ.

ಉದ್ದುದ್ದ ಪಟ್ಟಿಗಳ ನೆರಿಗೆ ಸೀಟಿನಲ್ಲಿ ಹೊಸಬರು ಎಡವುವುದು ಅಳತೆಯಲ್ಲಿ. 4 ಅಡಿ ಅಗಲದ ಸೀಟಿಗೆ 2 ಇಂಚಿನ ಪಟ್ಟಿ ಅಂದರೆ 24 ಪಟ್ಟಿ. ಪ್ರತಿ ಹೊಲಿಗೆಯ ಮಡಿಕೆ ಕಾಲು ಇಂಚು ನುಂಗಿದರೂ ಕೊನೆಗೆ ಸುಮಾರು 6 ಇಂಚು ಮಾಯ. ಹಳೇ ತುಂಡಿನ ಅಳತೆಗೆ ಮೊದಲೇ ಕತ್ತರಿಸಿ ಆಮೇಲೆ ನೆರಿಗೆ ಹೊಲಿಸಿದರೆ ಕವರು ಸೀಟಿಗೆ ಏರುವುದಿಲ್ಲ. ರೆಕ್ಸಿನ್ನಿನ ಅಡಿಗೆ ತೆಳು ಫೋಮನ್ನೂ ಒಂದು ತೆಳು ಬಟ್ಟೆಯನ್ನೂ ಇಟ್ಟು, ಗೆರೆ ಎಳೆದು, ನೆರಿಗೆಯನ್ನೆಲ್ಲ ಹೊಲಿಸಿ ಮುಗಿಸಿ. ಆಮೇಲೆ ಹಳೇ ತುಂಡನ್ನು ಅದರ ಮೇಲಿಟ್ಟು ಕತ್ತರಿ ಹಾಕಿ. ನಡುವಿನ ಪಟ್ಟಿ ಸೀಟಿನ ನಡುವಿಗೇ ಬರುತ್ತಿದೆಯಾ, ಕೂರುವ ಭಾಗದ ಗೆರೆ ಬೆನ್ನಿನ ಗೆರೆಗೆ ನೇರ ಸೇರುತ್ತದೆಯಾ ಅಂತ ನೋಡಿಕೊಂಡೇ ಕತ್ತರಿ ಆಡಿಸಿ.

ಹೊಲಿದು ಬಂದ ಕವರನ್ನು ಅರ್ಧ ಗಂಟೆ ಬಿಸಿಲಿಗೆ ಹರವಿದರೆ ಮೆತ್ತಗಾಗುತ್ತದೆ. ಫೋಮು ಕವರಿಗಿಂತ ಅರ್ಧ ಇಂಚು ದೊಡ್ಡದಿರಬೇಕು, ಆಗಲೇ ಮೈ ತುಂಬಿಕೊಂಡು ಕೂರುವುದು. ಫೋಮಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ ಕವರು ಎಳೆದರೆ ಸಲೀಸಾಗಿ ಜಾರುತ್ತದೆ, ಬಿಗಿಯುವ ಮುಂಚೆ ಹಾಳೆಯನ್ನು ಎಳೆದು ತೆಗೆಯಿರಿ. ಮುಂದಿನ ಅಂಚಿನ ನಡು, ಹಿಂದಿನ ಅಂಚಿನ ನಡು, ಆಮೇಲೆ ಮಗ್ಗುಲು, ಮೂಲೆ ಕಡೆಗೆ. ಸಣ್ಣ ಸುಕ್ಕು ಉಳಿದರೆ ಹೇರ್ ಡ್ರೈಯರನ್ನು ದೂರದಿಂದ ಆಡಿಸಿ ಅಂಗೈಯಿಂದ ಸವರಿ.

ಆಮೇಲಿನ ಆರೈಕೆಗೆ ಒದ್ದೆ ಬಟ್ಟೆ, ಎರಡು ಹನಿ ಶಾಂಪೂ ಸಾಕು. ತೆಂಗಿನೆಣ್ಣೆ ಉಜ್ಜಿದರೆ ಹೊಳೆಯುತ್ತದೆ ಅಂತ ನಮ್ಮ ಕಾಲದವರೇ ಹೇಳಿಕೊಡುತ್ತಾರೆ, ಕೇಳಬೇಡಿ. ಬಿಸಿಲಿಗೆ ರೆಕ್ಸಿನ್ನಿನೊಳಗಿನ ಮೆತುವು ಹಾರಿಹೋದ ಮೇಲೆ ಎಣ್ಣೆ ಅದನ್ನು ವಾಪಸು ತರುವುದಿಲ್ಲ. ಧೂಳು ಮೆತ್ತಿಕೊಳ್ಳುವುದೊಂದೇ ಲಾಭ. ಥಿನ್ನರ್, ಪೆಟ್ರೋಲು ಹತ್ತಿರವೂ ಬರಕೂಡದು. ಟವೆಲ್ ಕವರಿನ ಮೇಲೆ ಸಾಂಬಾರು ಚೆಲ್ಲಿದರೆ ಸೋಪು ಹಾಕಿ ಒಗೆದು ಬಿಸಿಲಿಗೆ ಹಾಕಿ, ಅರಿಶಿನದ ಕಲೆಯನ್ನು ಬಿಸಿಲೇ ತಿನ್ನುತ್ತದೆ. ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಒಳಗೆ ಬಿಸ್ಕತ್ತಿನ ಚೂರೂ ಇರಬಾರದು, ಇಲಿಗೆ ಹೊಸ ಫೋಮಿಗಿಂತ ಒಳ್ಳೆ ಬಾಣಂತಿ ಕೋಣೆ ಇಲ್ಲ.

ಸೀಟು ಕೂರಿಸುವಾಗ ಬೆಲ್ಟಿನ ಬಕಲ್ ಕೆಳಗೆ ಸಿಕ್ಕಿಕೊಂಡಿದೆಯಾ ನೋಡಿ, ಹಳಿಗೆ ಸ್ವಲ್ಪ ಗ್ರೀಸ್ ಸವರಿ, ನಾಲ್ಕೂ ಬೋಲ್ಟುಗಳನ್ನು ಸ್ಪ್ರಿಂಗ್ ವಾಷರ್ ಹಾಕಿಯೇ ಬಿಗಿ ಮಾಡಿ. ಹತ್ತು ಹದಿನೈದು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ, ಹೊಸ ಬಣ್ಣದ ಮೇಲೆ ಕೂತ ಬೋಲ್ಟು ಅರ್ಧ ಸುತ್ತಾದರೂ ಸಡಿಲವಾಗಿರುತ್ತದೆ.