ಪೂಲ್ ವಿಡಿಯೋ ಸುಮ್ನೆ ನೋಡ್ಬೇಡಿ, ಹಿಂಗೆ ನೋಡಿ

ಪೂಲ್ ಅಂದ್ರೆ ಕೋಲಿಂದ ಬಾಲ್ ಹೊಡೆದು ಟೇಬಲ್ ಅಂಚಿನ ಪಾಕೆಟ್‌ಗೆ ಹಾಕೋ ಆಟ, ಅದನ್ನ ಕಲಿಸೋ ವಿಡಿಯೋಗಳಿಗೇನು ಬರ ಇಲ್ಲ, ಒಂದು ಓಪನ್ ಮಾಡಿದ್ರೆ ಪಕ್ಕದಲ್ಲಿ ಇನ್ನಿಪ್ಪತ್ತು ಬಂದು ಕೂತಿರುತ್ವೆ. ಆದ್ರೆ ರಾತ್ರಿ ಬಿದ್ಕೊಂಡು ಎರಡು ಗಂಟೆ ನೋಡಿದ್ರೂ ಮಾರನೇ ದಿನ ಟೇಬಲ್ ಹತ್ರ ಬಗ್ಗಿದ ತಕ್ಷಣ ಕೈ ಅದರ ಹಳೇ ಚಾಳಿನೇ ತೋರ್ಸುತ್ತೆ. ಅದಕ್ಕೆ ಒಂದು ಸಲಕ್ಕೆ ಒಂದೇ ಶಾಟು, ಒಂದೇ ವಿಡಿಯೋ. ಅದು ಕೈಗೆ ಹತ್ತೋವರೆಗೂ ಮುಂದಿನದ್ದಕ್ಕೆ ಹೋಗ್ಬೇಡಿ.

ಯಾವುದ್ರಿಂದ ಶುರು ಮಾಡೋದು ಅಂದ್ರೆ ಸ್ಟಾಪ್ ಶಾಟ್. ಜಂಪ್ ಶಾಟ್ (ಬಿಳಿ ಬಾಲನ್ನ ಹಾರಿಸೋದು), ಮಸ್ಸೆ (ಕೋಲನ್ನ ಎತ್ತಿ ಹಿಡಿದು ಬಾಲ್ ಬಾಗಿ ಹೋಗೋ ಹಂಗೆ ಹೊಡಿಯೋದು) ಎಲ್ಲ ನೋಡೋಕೆ ಚೆಂದ, ಆದ್ರೆ ಮ್ಯಾಚಲ್ಲಿ ಅಪರೂಪಕ್ಕೆ ಬೇಕಾಗೋದು, ಅವನ್ನ ಆಮೇಲೆ ನೋಡ್ಕೊಳ್ಳಿ. ಸ್ಟಾಪ್ ಶಾಟ್ ಅಂದ್ರೆ ಬಿಳಿ ಬಾಲ್ ನೇರವಾಗಿ ಹೋಗಿ ಎದುರಿನ ಬಾಲ್‌ಗೆ ಬಡಿದು ಅಲ್ಲೇ ಗಪ್ ಅಂತ ನಿಲ್ಬೇಕು. ವಿಡಿಯೋದಲ್ಲಿ "ಮಧ್ಯಕ್ಕಿಂತ ಸ್ವಲ್ಪ ಕೆಳಗೆ ಹೊಡಿರಿ" ಅಂತಾರೆ, ನಾವು ಅಷ್ಟೇ ಕೇಳ್ಕೊಂಡು ಬರ್ತೀವಿ. ಎರಡು ಬಾಲ್ ಹತ್ರ ಇದ್ರೆ ಅದು ಸರಿಹೋಗುತ್ತೆ, ದೂರ ಇಟ್ಟಾಗ ಬಿಳಿ ಬಾಲ್ ನಿಲ್ಲದೆ ಮುಂದಕ್ಕೆ ಉರುಳ್ಕೊಂಡು ಹೋಗುತ್ತೆ. ಯಾಕಂದ್ರೆ ನಾವು ಕೊಟ್ಟ ಬ್ಯಾಕ್‌ಸ್ಪಿನ್ನನ್ನ (ಹಿಂದಕ್ಕೆ ತಿರುಗೋದನ್ನ) ಟೇಬಲ್ ಬಟ್ಟೆಯ ಉಜ್ಜಾಟ ದಾರಿಯುದ್ದಕ್ಕೂ ತಿಂತಾ ಇರುತ್ತೆ, ಬಡಿಯೋ ಹೊತ್ತಿಗೆ ಬಿಳಿ ಬಾಲ್ ಮುಂದಕ್ಕೂ ತಿರುಗದೆ ಹಿಂದಕ್ಕೂ ತಿರುಗದೆ ಬರೀ ಜಾರ್ತಾ ಇರ್ಬೇಕು, ಹಾಗಾಗಿ ದೂರ ಹೆಚ್ಚಾದಷ್ಟೂ ಇನ್ನೂ ಕೆಳಗೆ ಇಲ್ಲಾ ಇನ್ನೂ ಜೋರಾಗಿ ಹೊಡಿಬೇಕು. ಇದನ್ನ ವಿಡಿಯೋದಲ್ಲಿ ನೋಡೋದು ಹೇಗೆ ಅಂದ್ರೆ, ಪಾಕೆಟ್ ಆಗೋ ಬಾಲನ್ನ ಮರೆತು ಟಿಪ್, ಅಂದ್ರೆ ಕ್ಯೂ ಅನ್ನೋ ಹೊಡಿಯೋ ಕೋಲಿನ ತುದಿ, ಬಿಳಿ ಬಾಲ್‌ಗೆ ತಾಗೋ ಜಾಗನ ಮಾತ್ರ ನೋಡಿ. ಯೂಟ್ಯೂಬಲ್ಲಿ ಸ್ಪೀಡ್ 0.25ಕ್ಕೆ ಇಳಿಸ್ಬಹುದು, ಕಂಪ್ಯೂಟರಲ್ಲಾದ್ರೆ ಪಾಜ್ ಮಾಡಿ ಕಾಮಾ, ಫುಲ್‌ಸ್ಟಾಪ್ ಕೀ ಒತ್ತಿದ್ರೆ ಒಂದೊಂದೇ ಫ್ರೇಮ್ ಹಿಂದೆ ಮುಂದೆ ಹೋಗುತ್ತೆ.

ಕ್ಯಾಮೆರಾ ಎಲ್ಲಿಟ್ಟಿದ್ದಾರೆ ಅನ್ನೋದನ್ನೂ ಗಮನಿಸಿ, ಇದನ್ನ ಯಾರೂ ಹೇಳಲ್ಲ. ಪಕ್ಕದಿಂದ ತೆಗೆದಿದ್ರೆ ಟಿಪ್ ಎಷ್ಟು ಮೇಲೆ ಕೆಳಗೆ ಇದೆ, ಕ್ಯೂ ಎಷ್ಟು ಮಟ್ಟವಾಗಿದೆ ಗೊತ್ತಾಗುತ್ತೆ, ಆದ್ರೆ ಏಮ್ ಗೊತ್ತಾಗಲ್ಲ. ಏಮ್ ಕಲಿಯೋಕೆ ಆಟಗಾರನ ಬೆನ್ನ ಹಿಂದಿಂದ ತೆಗೆದಿದ್ದು ಬೇಕು. ಬಿಳಿ ಬಾಲ್ ಹೋಗೋ ದಾರಿಗೆ ಮೇಲಿಂದ ತೆಗೆದಿದ್ದೇ ಬೆಸ್ಟ್.

ಆ ದಾರಿ ಬಗ್ಗೆ ಎರಡು ಲೆಕ್ಕ ತಲೇಲಿದ್ರೆ ವಿಡಿಯೋ ಅರ್ಥ ಆಗೋ ರೀತಿನೇ ಬದಲಾಗುತ್ತೆ. ಕಟ್ ಶಾಟಲ್ಲಿ (ಎದುರಿನ ಬಾಲ್‌ಗೆ ನೇರ ಅಲ್ಲದೆ ಓರೆಯಾಗಿ ಬಡಿಯೋದು) ಬಿಳಿ ಬಾಲ್ ಜಾರ್ತಾ ಬಂದು ಬಡಿದ್ರೆ, ಎದುರಿನ ಬಾಲ್ ಹೋದ ದಿಕ್ಕಿಗೆ ಹೆಚ್ಚುಕಮ್ಮಿ 90 ಡಿಗ್ರಿಗೆ ಹೊರಡುತ್ತೆ. ಉರುಳ್ತಾ ಬಂದು, ತೀರಾ ದಪ್ಪಕ್ಕೂ (ಹೆಚ್ಚುಕಮ್ಮಿ ನೇರಕ್ಕೆ) ಅಲ್ಲ ತೀರಾ ತೆಳ್ಳಗೂ (ಅಂಚಿಗೆ ಸವರಿದ ಹಂಗೆ) ಅಲ್ಲ ಅನ್ನೋ ಹಂಗೆ ಬಡಿದ್ರೆ, ತಾನು ಬರ್ತಿದ್ದ ದಾರಿಯಿಂದ ಸುಮಾರು 30 ಡಿಗ್ರಿ ಸರಿಯುತ್ತೆ. ತೋರುಬೆರಳು, ಮಧ್ಯದ ಬೆರಳನ್ನ ವಿ ಥರ ಬಿಡಿಸಿದ್ರೆ ಆ 30 ಡಿಗ್ರಿ ಹತ್ತಿರ ಹತ್ತಿರ ಬರುತ್ತೆ. ಈಗ ಯಾವುದಾದ್ರೂ ದೊಡ್ಡ ಮ್ಯಾಚ್ ಹಾಕಿ, ಸೌಂಡ್ ಆಫ್ ಮಾಡಿ, ಆಟಗಾರ ಹೊಡಿಯೋಕೆ ಬಗ್ಗಿದಾಗ ಪಾಜ್ ಮಾಡಿ, ಬಿಳಿ ಬಾಲ್ ಎಲ್ಲಿ ನಿಲ್ಲುತ್ತೆ ಅಂತ ಸ್ಕ್ರೀನ್ ಮೇಲೆ ಬೆರಳಿಟ್ಟು ಹೇಳಿ, ಆಮೇಲೆ ಪ್ಲೇ ಮಾಡಿ. ನಿಮ್ಮ ಬೆರಳು ಒಂದು ಕಡೆ, ಬಾಲ್ ಇನ್ನೊಂದು ಕಡೆ ಇರುತ್ತೆ, ಅವನು ಯಾಕೆ ಅಲ್ಲಿ ನಿಲ್ಸಿದ ಅಂತ ಮುಂದಿನ ಶಾಟ್ ನೋಡಿದಾಗ ಹೊಳೆಯುತ್ತೆ.

ದೊಡ್ಡ ಆಟಗಾರರ ಐಡಿಯಾ ಕದೀರಿ, ಸ್ಟ್ರೋಕ್ ಕದೀಬೇಡಿ. 1999ರಲ್ಲಿ 9-ಬಾಲ್ (ಒಂಬತ್ತು ಬಾಲಿನ ಪೂಲ್) ವಿಶ್ವ ಚಾಂಪಿಯನ್ ಆದ ಫಿಲಿಪ್ಪೀನ್ಸಿನ ಎಫ್ರೆನ್ ರೇಯಸ್ ಕ್ಯೂನ ಸಡಿಲವಾಗಿ ಉದ್ದಕ್ಕೆ ತೂಗಾಡಿಸ್ಕೊಂಡು ಹೊಡೀತಾರೆ, ಅದು ಅವರ ಕೈಗೆ ಒಗ್ಗಿರೋದು. ಶುರುವಿನಲ್ಲಿರೋರು ಗದ್ದದ ಹತ್ರ ಕ್ಯೂ ಇಟ್ಟು ಚಿಕ್ಕದಾಗಿ ನೇರ ಹೊಡಿಯೋರನ್ನ ನೋಡೋದು ವಾಸಿ. ಕಾರಣ ತಿಳ್ಕೋಬೇಕು ಅನ್ನೋರಿಗೆ ಡೇವ್ ಆಲ್ಸಿಯಾಟೋರ್ ಇದ್ದಾರೆ, ಕೊಲೊರಾಡೋ ಸ್ಟೇಟ್ ಯೂನಿವರ್ಸಿಟಿಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪ್ರೊಫೆಸರ್ ಆಗಿದ್ದೋರು, ಅವರ ಸ್ಲೋ ಮೋಷನ್ ವಿಡಿಯೋ ನೋಡಿದ್ರೆ ಟಿಪ್ ಬಾಲ್‌ಗೆ ತಾಗಿರೋದು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟೇ ಹೊತ್ತು ಅನ್ನೋದು ಕಣ್ಣಿಗೆ ಕಾಣುತ್ತೆ. ಅಂದ್ರೆ ತಾಗಿದ್ಮೇಲೆ ಕೈ ತಿರುಗಿಸಿ ಏನೋ ಸರಿ ಮಾಡ್ತೀನಿ ಅನ್ನೋದು ಭ್ರಮೆ.

ಇನ್ನು ನಿಮ್ಮದೇ ವಿಡಿಯೋ. ಫೋನನ್ನ ಟೇಬಲ್ ಎತ್ತರಕ್ಕೆ, ಶಾಟ್ ಲೈನಿಗೆ ಎದುರಾಗಿ ಇಟ್ಟು ಸ್ಲೋ ಮೋಷನ್ ಆನ್ ಮಾಡಿ. ಬಿಳಿ ಬಾಲ್ ಬದಲು ಪಟ್ಟೆ ಬಾಲ್ ಇಡಿ, ಪಟ್ಟೆ ನೆಟ್ಟಗೆ ನಿಂತು ಹೊಡಿಯೋ ದಿಕ್ಕಿಗೆ ಸರಿಯಾಗಿರ್ಲಿ. ಮಧ್ಯದ ಗೆರೆ ಮೇಲೆ ತಾಗಿದ್ರೆ ಪಟ್ಟೆ ಅಲುಗದೆ ಉರುಳುತ್ತೆ, ಸ್ವಲ್ಪ ಸೈಡಿಗೆ ತಾಗಿದ್ರೂ ಅಡ್ಡಾದಿಡ್ಡಿ ಓಲಾಡುತ್ತೆ. "ನಾನು ಮಧ್ಯಕ್ಕೇ ಹೊಡ್ದೆ" ಅಂತ ಆಮೇಲೆ ವಾದ ಮಾಡೋಕಾಗಲ್ಲ. ಹೊಡಿಯುವಾಗ ತಲೆ ಎದ್ದೇಳ್ತಿದ್ಯಾ ಅನ್ನೋದನ್ನೂ ಅದರಲ್ಲೇ ನೋಡ್ಕೊಳ್ಳಿ, ಮುಕ್ಕಾಲು ಮಂದೀದು ಏಳುತ್ತೆ.

ಕೊನೇದಾಗಿ, ವಿಡಿಯೋದಲ್ಲಿರೋದು ಹೊಸ ಬಟ್ಟೆಯ ಟೇಬಲ್, ಮೆತ್ತಗೆ ಹೊಡೆದ್ರೂ ಬಾಲ್ ಓಡುತ್ತೆ. ನೀವಾಡೋ ಟೇಬಲ್ ಹಳೇದಾಗಿದ್ರೆ 90, 30 ಲೆಕ್ಕ ಹೆಚ್ಚುಕಮ್ಮಿ ಹಾಗೇ ಇರುತ್ತೆ, ಆದ್ರೆ ಜೋರು ಎಷ್ಟು, ಟೇಬಲ್ ಅಂಚಿನ ಕುಷನ್ನಿಂದ ಎಷ್ಟು ಕೋನಕ್ಕೆ ವಾಪಸ್ ಬರುತ್ತೆ ಅನ್ನೋದು ಬದಲಾಗುತ್ತೆ. ಹಾಗಾಗಿ ಡೈಮಂಡ್ ಸಿಸ್ಟಮ್ (ಟೇಬಲ್ ಅಂಚಿನ ಗುರುತುಗಳನ್ನ, ಅಂದ್ರೆ ಡೈಮಂಡ್‌ಗಳನ್ನ, ಎಣಿಸಿ ಬಾಲ್ ಕುಷನ್ನಿಗೆ ಬಡಿದು ಎಲ್ಲಿಗೆ ಹೋಗುತ್ತೆ ಅಂತ ಲೆಕ್ಕ ಹಾಕೋದು) ವಿಡಿಯೋ ನೋಡಿ ಕಲಿತ ನಂಬರ್‌ಗಳನ್ನ ಆಟಕ್ಕೆ ಮುಂಚೆ ನಾಲ್ಕು ಸಲ ಆ ಟೇಬಲ್ ಮೇಲೆ ಹೊಡೆದು ನೋಡಿ, ಬಾಲ್ ಅರ್ಧ ಡೈಮಂಡ್ ಆಚೆ ಬೀಳ್ತಿದ್ರೆ ಅಷ್ಟನ್ನ ಕಳೆದು ಆಡಿ.