ಕಂಪನಿಯಿಂದ ನಾನೇ ತಗೊಂಡ 7 ಲಕ್ಷ ಕೊನೆಗೂ ತೀರಿದ ಕಥೆ

ಹುಬ್ಬಳ್ಳಿಯ ತಾರಿಹಾಳದಲ್ಲಿ ನಮ್ಮದೊಂದು ಸಣ್ಣ ಪ್ರೈವೇಟ್ ಲಿಮಿಟೆಡ್. ಲೇತ್ ಕೆಲಸ, ಪಂಪಿನ ಬಿಡಿಭಾಗ. ಶೇರು ನನ್ನದು 60, ತಮ್ಮನದು 40. 1961ರ ಇನ್‌ಕಮ್ ಟ್ಯಾಕ್ಸ್ ಕಾಯ್ದೆಯ ಸೆಕ್ಷನ್ 2(22)(ಇ) ಪ್ರಕಾರ ಇಂಥ ಕಂಪನಿ ತನ್ನ ದೊಡ್ಡ ಶೇರುದಾರನಿಗೆ ಸಾಲ ಕೊಟ್ಟರೆ, ಕಂಪನಿಯಲ್ಲಿ ಕೂಡಿದ ಲಾಭದ ಮಟ್ಟಿಗೆ ಅದು ಸಾಲವಲ್ಲ, ‘ಡೀಮ್ಡ್ ಡಿವಿಡೆಂಡ್’, ಅಂದ್ರೆ ಲಾಭಾಂಶ ಅಂತಲೇ ಹಿಡಿದು ತೆರಿಗೆ ಹಾಕ್ತಾರೆ. ಇದನ್ನು ಓದುವವರಲ್ಲಿ ಬಹಳ ಜನರಿಗೆ ಅದು ಒಮ್ಮೆಯಾದರೂ ಕಚ್ಚಿರುತ್ತೆ.

2020ರ ದೀಪಾವಳಿ ಹೊತ್ತಿಗೆ ಮನೆಗೆ ಸ್ಲ್ಯಾಬ್ ಹಾಕಿಸಲು ಕಂಪನಿಯಿಂದ 9 ಲಕ್ಷ ತಗೊಂಡೆ. ನಮ್ಮದೇ ದುಡ್ಡು ಅಲ್ವಾ ಅನ್ನೋ ಸೊಕ್ಕು. ಡೈರೆಕ್ಟರಿಗೆ ಸಾಲ ಕೊಡುವ ಬಗ್ಗೆ ಇರುವ ಕಂಪನಿ ಕಾಯ್ದೆಯ ಸೆಕ್ಷನ್ 185 ಮಾತ್ರ ನೋಡಿಕೊಂಡಿದ್ದೆ: ನಮ್ಮಲ್ಲಿ ಬೇರೆ ಯಾವ ಕಂಪನಿಯೂ ಶೇರು ಹಾಕಿಲ್ಲ, ಬ್ಯಾಂಕ್ ಸಾಲ ಶೇರು ಬಂಡವಾಳದ ಎರಡು ಪಟ್ಟಿನೊಳಗಿದೆ, ಕಂತು ತಪ್ಪಿಲ್ಲ. ಇನ್‌ಕಮ್ ಟ್ಯಾಕ್ಸ್ ಕಡೆ ತಿರುಗಿಯೂ ನೋಡಲಿಲ್ಲ.

ಮಾರ್ಚ್ 31ರೊಳಗೆ ಎಲ್ಲ ವಾಪಸ್ ಹಾಕಿ ಏಪ್ರಿಲ್‌ನಲ್ಲಿ ಮತ್ತೆ ತಗೋ, ಬ್ಯಾಲೆನ್ಸ್ ಶೀಟಿನಲ್ಲಿ ಕಾಣೋದೇ ಇಲ್ಲ ಅಂತ ಪಕ್ಕದ ಶೆಡ್ಡಿನವರು ಹೇಳಿದ್ದರು. ನನ್ನ ಕೈಯಲ್ಲಿ ಇದ್ದದ್ದೇ 2 ಲಕ್ಷ, ಅಷ್ಟು ಹಾಕಿದೆ. ಏನೂ ಉಪಯೋಗ ಆಗಲಿಲ್ಲ. ಹಣ ಕೈಗೆ ಬಂದ ದಿನವೇ ಅದು ಡಿವಿಡೆಂಡ್, ಆಮೇಲೆ ತೀರಿಸಿದರೂ ಬಿಡಲ್ಲ, 1977ರಲ್ಲೇ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಕಂಪನಿಯಲ್ಲಿ ಕೂಡಿದ ಲಾಭ 20 ಲಕ್ಷದ ಮೇಲಿತ್ತು, ಹಾಗಾಗಿ ಪೂರ್ತಿ 9 ಲಕ್ಷವೂ ನನ್ನ ಆದಾಯಕ್ಕೆ ಸೇರಿತು. 2022ರ ಡಿಸೆಂಬರ್‌ನಲ್ಲಿ ಇನ್‌ಕಮ್ ಟ್ಯಾಕ್ಸ್ ಆರ್ಡರ್ ಬಂತು. ತೆರಿಗೆ, ಬಡ್ಡಿ ಕೂಡಿ ಮೂರೂವರೆ ಲಕ್ಷದ ಹತ್ತಿರ. ಹೆಂಡತಿಯ ಬಳೆ ಬ್ಯಾಂಕಿನಲ್ಲಿಟ್ಟು ಕಟ್ಟಿದೆ. ಅಪೀಲು ಹಾಕದೆ, ದಂಡ ಹಾಕಬೇಡಿ ಅಂತ ಕೇಳುವ ಫಾರ್ಮ್ 68 ಕೊಟ್ಟಿದ್ದರಿಂದ ದಂಡ ತಪ್ಪಿತು, ಅದಕ್ಕೆ ಕಾಲ ಬಹಳ ಕಮ್ಮಿ ಇರುತ್ತೆ, ತಡ ಮಾಡಬೇಡಿ.

ಇಷ್ಟೆಲ್ಲ ಕಟ್ಟಿದ ಮೇಲೂ ಲೆಡ್ಜರಿನಲ್ಲಿ 7 ಲಕ್ಷ ಸಾಲ ಹಾಗೇ ಕೂತಿತ್ತು! ಬೋನಸ್ ತಗೊಂಡು ತೀರಿಸಿ ಅಂದರು ಆಡಿಟರ್. ಹಾಗೆ ಮಾಡಿದರೆ 10 ಲಕ್ಷದ ಮೇಲೆ ಬೋನಸ್ ಹಾಕಬೇಕು, 3 ಲಕ್ಷ ಚಿಲ್ಲರೆ ಟಿಡಿಎಸ್‌ಗೆ ಹೋಗುತ್ತೆ. ಕಂಪನಿಗೆ ತೆರಿಗೆ ಲೆಕ್ಕದಲ್ಲಿ ಅದು ಖರ್ಚು ಅಂತ ಸಿಗುತ್ತೆ ನಿಜ, ಆದರೆ ಆ ವರ್ಷ ಗಿರಾಕಿಗಳ ಆರ್ಡರೇ ಇಲ್ಲ, ಲಾಭ ಇಲ್ಲದವನಿಗೆ ಖರ್ಚು ಯಾಕೆ?

ಒಂದು ರಾತ್ರಿ ಗಿರ್ಮಿಟ್ ತಿನ್ನುತ್ತಾ ಅದೇ ಸೆಕ್ಷನ್ನಿನ ಕೊನೆಯವರೆಗೂ ಓದಿದೆ. ಡೀಮ್ಡ್ ಡಿವಿಡೆಂಡ್ ಅಂತ ಒಮ್ಮೆ ತೆರಿಗೆ ಹಾಕಿದ ಸಾಲಕ್ಕೆ ಕಂಪನಿ ಮುಂದೆ ನಿಜವಾದ ಡಿವಿಡೆಂಡನ್ನು ವಜಾ ಹಾಕಿದರೆ, ಆ ಮಟ್ಟಿಗೆ ಅದು ಮತ್ತೆ ಡಿವಿಡೆಂಡ್ ಅಲ್ಲ. ಕಂಪನಿ ಕಾಯ್ದೆಯ 127 ಕೂಡ ಬಾಕಿಗೆ ಡಿವಿಡೆಂಡ್ ಹೊಂದಿಸಿಕೊಳ್ಳೋದನ್ನು ತಪ್ಪು ಅನ್ನಲ್ಲ. ಆಡಿಟರ್ ನಂಬಲಿಲ್ಲ. ತಮ್ಮ ನಕ್ಕ: ‘ಅಣ್ಣಾ, ಇದು ಆಗೂದಲ್ಲ ಬಿಡು.’ ನಿನ್ನ ಪಾಲು ರೊಕ್ಕದಲ್ಲಿ ಬರುತ್ತೆ ಅಂದ ಕೂಡಲೇ ಸುಮ್ಮನಾದ.

ಖರ್ಚಾಗೋದು ಅಲ್ಲೇ ನೋಡಿ. ನನಗೊಬ್ಬನಿಗೇ ಡಿವಿಡೆಂಡ್ ಕೊಡಕ್ಕಾಗಲ್ಲ. ನನಗೆ 7 ಅಂದ್ರೆ ತಮ್ಮನಿಗೆ 4 ಲಕ್ಷ 67 ಸಾವಿರ, ಅವನದಕ್ಕೆ 10 ಪರ್ಸೆಂಟ್ ಟಿಡಿಎಸ್. ಬ್ಯಾಂಕಿನ ಓವರ್‌ಡ್ರಾಫ್ಟ್ ಪೂರ್ತಿ ಎಳೆದು ಕೊಟ್ಟೆವು. 2023ರ ಸೆಪ್ಟೆಂಬರ್ ಎಜಿಎಂನಲ್ಲಿ, ಅಂದ್ರೆ ಶೇರುದಾರರ ವಾರ್ಷಿಕ ಸಭೆಯಲ್ಲಿ, ಹಿಂದೆ ಕೂಡಿದ ಲಾಭದಿಂದ ಈ ಡಿವಿಡೆಂಡ್ ಪಾಸು ಮಾಡಿದೆವು. ರೆಸಲ್ಯೂಷನ್ನಿನಲ್ಲಿ ಹಳೆ ಆರ್ಡರಿನ ಬಗ್ಗೆ ಎರಡು ಸಾಲು ಬರೆದಿದ್ದೇನೆ, ಆ ಎರಡು ಸಾಲನ್ನು ಇಲ್ಲಿ ಹಾಕಲ್ಲ, ಅದಕ್ಕೇ ಮೂರು ವಾರ ತಲೆ ಕೆಡಿಸಿಕೊಂಡಿದ್ದೇನೆ.

ಮಧ್ಯೆ ಬೇರೆ ಪ್ರಯೋಗವೂ ಮಾಡಿದೆ. ಹೆಂಡತಿ ಹೆಸರಲ್ಲಿ ಸಾಲ ತಗೊಳ್ಳೋಣ ಅಂದುಕೊಂಡೆ. ಅವಳಿಗೆ ಶೇರಿಲ್ಲ, ಆದರೂ ನನ್ನ ಲಾಭಕ್ಕೆ ಕೊಟ್ಟದ್ದು ಅಂತ ಸೆಕ್ಷನ್ ಹಿಡಿಯುತ್ತೆ, ಕೈಬಿಟ್ಟೆ. ಗೋಕುಲ ರೋಡಿನಲ್ಲಿ ನನ್ನ ಹೆಸರಿನ ಗೋಡೌನ್ ಇದೆ, ಅದನ್ನು ಕಂಪನಿಗೆ ಬಾಡಿಗೆಗೆ ಕೊಟ್ಟು ಸಾಲದ ಬದಲು ಡಿಪಾಜಿಟ್ ತಗೊಂಡೆ. ಬಾಡಿಗೆ ಸುತ್ತಲಿನ ದರಕ್ಕೇ ಇದೆ, ಮಾಲು ಅಲ್ಲೇ ಬೀಳುತ್ತೆ. ಇಲ್ಲಿತನಕ ಯಾರೂ ಕೇಳಿಲ್ಲ.

ಮುಂದಿನ ವರ್ಷ, ತೆರಿಗೆ ಇಲಾಖೆ ನಮ್ಮ ಆದಾಯದ ವಿವರ ತೋರಿಸುವ ಎಐಎಸ್‌ನಲ್ಲಿ 7 ಲಕ್ಷ ಡಿವಿಡೆಂಡ್ ಅಂತ ಕಾಣಿಸಿತು, ಎದೆ ಧಸಕ್ ಅಂತು. ಫೀಡ್‌ಬ್ಯಾಕ್ ಹಾಕಿದೆ. ಆಮೇಲೆ ಕೇಳಿದಾಗ ಹಳೆ ಆರ್ಡರು, ಚಲನ್, ಎಜಿಎಂ ನಡಾವಳಿ ಮೂರನ್ನೂ ಅಪ್‌ಲೋಡ್ ಮಾಡಿದೆ, ರಿಟರ್ನ್ ಒಪ್ಪಿಕೊಂಡರು. ಆಡಿಟರ್ ಈಗ ಇದೇ ಕಾಗದ ಇನ್ನೊಬ್ಬರಿಗೆ ಮಾಡ್ತಿದ್ದಾರಂತೆ, ಫೀಸು ತಗೊಂಡು.

ಸದ್ಯ ಲೆಡ್ಜರು ಉಲ್ಟಾ ಇದೆ. ನನ್ನ ಲಕ್ಷ ಒಂದೂವರೆ ಕಂಪನಿಯಲ್ಲೇ ಬಿಟ್ಟಿದ್ದೇನೆ, ಅದು ಬೇರೆ ಕಡೆ ಸಾಲ ತಂದ ದುಡ್ಡಲ್ಲ ಅಂತ ಬರೆದುಕೊಟ್ಟು. ಮನೆಗೆ ಅರ್ಜೆಂಟ್ ಬಿದ್ದರೆ ಅಷ್ಟರೊಳಗೇ ತೆಗೀತೀನಿ.