ಕನ್ನಡ ಕಲಿತ ಲೀಸಿ

"ಹನ್ನೊಂದು ವರ್ಷದ ಕುದುರೆ ತಲೆಗೆ ಹೊಸ ಭಾಷೆ ಹತ್ತಲ್ಲ" ಅಂತ ಇಲ್ಲಿ ಎಲ್ಲರೂ ನಕ್ಕಿದ್ದರು. ಈ ಚಳಿಗಾಲ ನನ್ನ ಲೀಸಿ ಎಂಬತ್ತರ ಹತ್ತಿರ ದಿಮ್ಮಿ ಎಳೆದಳು. ಪೂರ್ತಿ ಕನ್ನಡದಲ್ಲೇ.

ನಾನಿರುವುದು ಜರ್ಮನಿಯ ಬ್ಲಾಕ್ ಫಾರೆಸ್ಟ್ ಬೆಟ್ಟಗಳಲ್ಲಿ. ಲೀಸಿ ಇಲ್ಲಿನದೇ ತಳಿ, ಶ್ವಾರ್ಟ್ಸ್‌ವೆಲ್ಡರ್. ಕಂದು ಮೈ, ಬೆಳ್ಳನೆ ಜೂಲು. ಟ್ರ್ಯಾಕ್ಟರ್ ಬಂದ ಮೇಲೆ ಇವುಗಳಿಗೆ ಕೆಲಸ ಇಲ್ಲವಾಗಿ, 1981ರಲ್ಲಿ ತಳಿ ಬೆಳೆಸುವ ಹೆಣ್ಣು ಕುದುರೆ ಬರೀ 160 ಉಳಿದಿದ್ದವು. ಈಗ ಪರವಾಗಿಲ್ಲ.

ಭಾಷೆ ಬದಲಿಸಿದ್ದು ಅಭಿಮಾನಕ್ಕಲ್ಲ. ಪಕ್ಕದವನು ತನ್ನ ಕುದುರೆಗೆ "ಹ್ಯೂ" ಅಂದರೆ ನನ್ನವಳೂ ಹೊರಟುಬಿಡುತ್ತಿದ್ದಳು. ನಾನಿನ್ನೂ ಬಗ್ಗಿ ಸರಪಳಿ ಬಿಗಿಯುತ್ತಿರುತ್ತಿದ್ದೆ. ಒಮ್ಮೆ ಹೆಬ್ಬೆರಳು ಜಜ್ಜಿತು. ಸಾಕಾಯಿತು.

ಮೊದಲು "ನಡಿ", "ನಿಲ್ಲು" ಅಂತ ಶುರು ಮಾಡಿದೆ. ಎರಡೂ "ನ". ಅವಳು ಮಾತು ಮುಗಿಯುವವರೆಗೆ ಕಾಯುವವಳಲ್ಲ, "ನಿ" ಅನ್ನುವಷ್ಟರಲ್ಲಿ ಎರಡು ಹೆಜ್ಜೆ ಮುಂದೆ. ಸರಿ, ಊರಲ್ಲಿ ಎತ್ತು ನಿಲ್ಲಿಸುವ "ಹೋ" ಇದೆಯಲ್ವಾ? ಅದೂ ಕೆಟ್ಟಿತು. ಇಲ್ಲಿ ಕುದುರೆಗೆ "ಹೊಟ್" ಅಂದರೆ ಬಲಕ್ಕೆ. "ಹೋ" ಅಂದದ್ದೇ ತಡ, ಬಲಕ್ಕೆ ತಿರುಗಿ ದಿಮ್ಮಿ ಸಮೇತ ಎಳೆಯ ಫರ್ ಗಿಡಗಳ ಮೇಲೆ ನುಗ್ಗಿದಳು. ಕೊನೆಗೆ ನಿಲ್ಲೋಕೆ ಬೇರೆ ಪದ ಹುಡುಕಿದೆ. ಅದು ನನ್ನ ಹತ್ತಿರವೇ ಇರಲಿ. ತಿಂಡಿಯ ಹೆಸರು ಅಂತಷ್ಟೇ ಹೇಳ್ತೀನಿ.

ಖಾಲಿ ಸರಪಳಿ, ಆಮೇಲೆ ಟೈರು, ಆಮೇಲೆ ಸಣ್ಣ ದಿಮ್ಮಿ. ದಿನಕ್ಕೆ ಹತ್ತೇ ನಿಮಿಷ. ಏಳು ತಿಂಗಳು ಹಿಡಿಯಿತು. ನಡುವೆ ಎರಡು ತಿಂಗಳು ಸುಮ್ನೆ ಹೋಯಿತು, ನನ್ನದೇ ಜಿಪುಣತನದಿಂದ. ಭಾರ ಎಳೆಯಲು ಕುದುರೆಯ ಕೊರಳಿಗೆ ಹಾಕುವ ಚೌಕಟ್ಟನ್ನು 250 ಯೂರೋಗೆ ಹಳೇದೇ ಕೊಂಡಿದ್ದೆ. ಅಳತೆ ಹೊಂದಲಿಲ್ಲ. ಭುಜದ ಮೇಲೆ ನಾಣ್ಯದಷ್ಟು ಅಗಲ ಕೂದಲು ಉದುರಿ ಚರ್ಮ ಕೆಂಪಾಯಿತು. ಅಳತೆ ಕೊಟ್ಟು ಹೊಸದು ಮಾಡಿಸಲು 900ರ ಮೇಲೆ ಬಿತ್ತು.

ನನ್ನ ದನಿ ರೆಕಾರ್ಡ್ ಮಾಡಿ ಲಾಯದಲ್ಲಿ ಹಾಕಿಯೂ ನೋಡಿದೆ. ಹುಲ್ಲಿನಿಂದ ತಲೆ ಎತ್ತಲಿಲ್ಲ. ನನ್ನ ಹೆಂಡತಿ ಧಾರವಾಡದವಳು. ಅವಳು ಒಮ್ಮೆ "ನಡೀ" ಅಂದರೆ ಮಾತ್ರ ಲೀಸಿ ನಾನು ಹೇಳಿದಾಗಿಗಿಂತ ಬೇಗ ಹೊರಡುತ್ತಾಳೆ.

ಪಕ್ಕದವನು ಮೊನ್ನೆ ತನ್ನ ಕುದುರೆಗೆ "ನಾಡಿ, ನಾಡಿ" ಅನ್ನುತ್ತಿದ್ದ. ಅದು ಕಲಿತುಬಿಟ್ಟರೆ ನಾನು ತುಳುವಿಗೆ ಹೋಗಬೇಕಾಗುತ್ತೆ.